ಶಾಂತಲಿಂಗಪ್ಪನ ಪುಕ್ಕಟೆ ಗೋಡೆ

ಪುಕ್ಕಟೆ ಕೊಟ್ಟವನ ಮುಂದೆ ಬಾಯಿ ತೆರೆಯುವ ಹಾಗಿಲ್ಲ. ಚೌಡಾಪುರದ ಬಸ್ಸು ನಿಲ್ಲುವ ಜಾಗದಲ್ಲಿ ಶಾಂತಲಿಂಗಪ್ಪನ ಚಹಾದಂಗಡಿ. ಅದರ ಗೋಡೆಗೆ ನಾನು ಪ್ರತಿ ಸೋಮವಾರ ಕೈಬರಹದ ಒಂದು ಹಾಳೆ ಅಂಟಿಸುತ್ತಿದ್ದೆ. ಎಂಬತ್ತಾರನೇ ಇಸವಿ, ಶಾಲೆಯಿಂದ ನಿವೃತ್ತನಾಗಿದ್ದೆ. ನನ್ನ ಮಂಡಿನೋವು, ಊರ ಬಾವಿ, ಸತ್ತ ಹೆಂಡತಿ ಮಾಡುತ್ತಿದ್ದ ಪುಂಡಿಪಲ್ಯ, ಎಲ್ಲ ಬರೆಯುತ್ತಿದ್ದೆ. ಗಾಣಗಾಪುರಕ್ಕೆ ಹೋಗುವ ಭಕ್ತರು ಆ ಹಾಳೆಗೇ ಬೆನ್ನು ಆನಿಸಿ ಬಸ್ಸು ಕಾಯುತ್ತಿದ್ದರು. ಶಾಂತಲಿಂಗಪ್ಪ ಅರ್ಧ ಮುಚ್ಚುವ ಹಾಗೆ ಬೀಡಿ ಜಾಹೀರಾತು ಹಚ್ಚುತ್ತಿದ್ದ.

"ಗೋಡಿ ಪುಕ್ಕಟೆ ಕೊಟ್ಟೇನಿ ಮಾಸ್ತರ್ರ, ಮತ್ತೇನು ಆರತಿ ಮಾಡ್ಲೇನು?"

ಒಂದೇ ಆಸೆಯಿತ್ತು. ಗುರುವಾರ ಬಂದರೆ ಹಾಳೆ ಇರುತ್ತಿರಲಿಲ್ಲ. ಯಾರೋ ಬಿಡಿಸಿಕೊಂಡು ಹೋಗಿ ಜೋಪಾನ ಮಾಡುತ್ತಾರೆಂದು ನಂಬಿದ್ದೆ. ಆ ಒಬ್ಬರಿಗಾಗಿಯೇ ವರ್ಷವಿಡೀ ಬರೆದೆ.

ಒಂದು ಗುರುವಾರ ಕಣ್ಣಾರೆ ಕಂಡೆ. ಪಕ್ಕದ ಗುಡಿಸಲಿನ ಮಲ್ಕಮ್ಮನ ಆಡು ಗೋಡೆಗೆ ಮುಂಗಾಲು ಕೊಟ್ಟು ನಿಂತು ನನ್ನ ಹಾಳೆಯನ್ನು ಮೆಲ್ಲುತ್ತಿತ್ತು. ಮೈದಾ ಅಂಟಿನ ರುಚಿ ಅದಕ್ಕೆ. ಅಂಗಡಿಯಲ್ಲಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಭಪ್ಪರೆ! ಅಂತೂ ಒಬ್ಬರಿಗೆ ನಿಮ್ಮ ಬರಹ ಪಚನ ಆತು ನೋಡ್ರಿ!" ಎಂದ ಶಾಂತಲಿಂಗಪ್ಪ.

ಮೈಯೆಲ್ಲ ಉರಿದುಹೋಯಿತು. ಮುಂದಿನ ಸೋಮವಾರ ಅಂಟಿನಲ್ಲಿ ಹತ್ತಿಗೆ ಹೊಡೆಯುವ ಎಂಡ್ರಿನ್ ವಿಷ ಕಲಸಿದೆ. ಹಾಳೆಯ ಮೇಲೆ ಒಂದಕ್ಷರವನ್ನೂ ಬರೆಯಲಿಲ್ಲ. ಆಡಿಗೆ ಅಕ್ಷರ ಯಾಕೆ ಬೇಕು? ಮಧ್ಯಾಹ್ನದೊಳಗೆ ಅದು ನೊರೆ ಕಾರಿ ಸತ್ತಿತು. ಸುಳ್ಳು ಹೇಳುವುದಿಲ್ಲ, ನನಗೆ ಖುಷಿಯಾಯಿತು.

ಸಂಜೆ ಮಲ್ಕಮ್ಮ ನಮ್ಮ ಮನೆಗೆ ಬಂದಳು. ಜ್ವರದಿಂದ ಸೊರಗಿದ್ದಳು, ಕಂಕುಳಲ್ಲಿ ಒಂದು ಗಂಟು. ಜಗಳಕ್ಕೆ ಬಂದಳೆಂದುಕೊಂಡೆ. ಗಂಟು ಬಿಚ್ಚಿದಳು. ಒಳಗೆ ನನ್ನ ಹಾಳೆಗಳಿದ್ದವು, ಅಂಚು ಹರಿಯದ ಹಾಗೆ ಬಿಡಿಸಿ ವಾರದ ಪ್ರಕಾರ ಜೋಡಿಸಿದ್ದಳು.

"ರಾತ್ರಿಶಾಲ್ಯಾಗ ಕಲ್ತದ್ದು ಮರೀಬಾರದಂತ ಇವನ್ನ ಓದತಿದ್ದೆ ಮಾಸ್ತರ್ರ. ಊರ ಮಂದಿನೂ ನೋಡ್ಲಿ ಅಂತ ಬುಧವಾರತನಾ ಬಿಟ್ಟು ಆಮ್ಯಾಲ ಒಯ್ತಿದ್ದೆ. ಎರಡು ವಾರ ಆತು, ಜ್ವರ ಬಂದು ಏಳಾಕ ಆಗಿಲ್ಲ. ಆಡು ಕಟ್ಟಾಕೂ ಯಾರಿಲ್ಲ. ಏನು ತಿಂತೋ, ಅದೂ ಹೋತು." ಸೆರಗಿನಿಂದ ಕಣ್ಣೊರೆಸಿಕೊಂಡಳು. "ಹೋದ ವಾರದ್ದೂ ಇಲ್ಲ, ಈ ವಾರದ್ದೂ ನನಗ ಸಿಗಲಿಲ್ಲ. ಈ ಸಲ ಏನು ಬರದಿದ್ರಿ, ಬಾಯಿಲೇ ಹೇಳ್ರಿ."

ಸುಳ್ಳು ಹೊಳೆಯಲಿಲ್ಲ. "ಖಾಲಿ ಹಾಳಿ ಹಚ್ಚಿದ್ದೆ," ಎಂದೆ.

"ಖಾಲಿ ಹಾಳಿ ಯಾರಿಗಂತ ಹಚ್ಚಿದ್ರಿ?"

ನನ್ನ ಕಣ್ಣು ಮೂಲೆಯಲ್ಲಿದ್ದ ಎಂಡ್ರಿನ್ ಡಬ್ಬಿಯತ್ತ ಹೋಯಿತು. ಅವಳೂ ಅತ್ತ ನೋಡಿದಳು. ಆಮೇಲೆ ಗಂಟು ಕಟ್ಟಿ, ನನ್ನ ಕಾಲ ಬಳಿ ಇಟ್ಟು, ಎದ್ದು ಹೋದಳು.