ದೊಡ್ಡಮ್ಮ ತುಂಬದ ಮಡಿಲು

ನಡೆದದ್ದರ ಕ್ರಮ ಹೀಗಿದೆ. ೧೯೮೪ರಲ್ಲಿ ನನ್ನ ದೊಡ್ಡಪ್ಪನ ಮದುವೆ. ೨೦೧೫ರಲ್ಲಿ ಅವರ ಸಾವು. ೨೦೨೨ರ ನವೆಂಬರಿನಲ್ಲಿ ನನ್ನ ಅಣ್ಣ ಸುಗತನ ಪುಸ್ತಕ. ಮರುವರ್ಷದ ಫೆಬ್ರವರಿಯಲ್ಲಿ, ಕೆ.ಆರ್. ಪುರದ ಒಂದು ಮನೆಯಲ್ಲಿ, ಅರ್ಧಕ್ಕೆ ನಿಂತ ಶಾಸ್ತ್ರ. ನಮ್ಮ ತಂದೆ ಪಿಳ್ಳಪ್ಪನವರು ಈ ಸಂಗತಿಯನ್ನು ಹೇಳುವಾಗ ಪುಸ್ತಕದಿಂದ ಆರಂಭಿಸುತ್ತಾರೆ. ನಾನು ಔಷಧಗಳನ್ನು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಕೆಲಸ ಮಾಡುವವಳು. ಪರಿಣಾಮಕ್ಕಿಂತ ಮೊದಲು ಕಾರಣವನ್ನು ಬರೆಯುವುದು ನನಗೆ ಅಭ್ಯಾಸ. ಆದ್ದರಿಂದ ನಾನು ಮದುವೆಯಿಂದ ಆರಂಭಿಸಿದ್ದೇನೆ.

ಹಲಸೂರಿನ ನಮ್ಮ ಮನೆ ತಾತನ ಕಾಲದಲ್ಲಿಯೇ ಬೌದ್ಧ ಧಮ್ಮವನ್ನು ಸ್ವೀಕರಿಸಿತ್ತು. ನಾವು ಜಾತಕ ನೋಡುವುದಿಲ್ಲ, ವರದಕ್ಷಿಣೆ ಕೇಳುವುದಿಲ್ಲ. ನಿಶ್ಚಿತಾರ್ಥದಲ್ಲಿ ಹೆಣ್ಣಿನ ಮಡಿಲಿಗೆ ಅಕ್ಕಿ, ಕೊಬ್ಬರಿ, ಬೆಲ್ಲ ತುಂಬುವ ಹಳೆಯ ಪದ್ಧತಿಯನ್ನು ಉಳಿಸಿಕೊಂಡರೂ ತಾತ ಅದಕ್ಕೊಂದು ನಿಯಮ ಮಾಡಿದ್ದರು: ಮೊದಲು ತುಂಬುವವಳು ಮನೆಯ ಹಿರಿಯ ಹೆಣ್ಣು, ಅವಳು ವಿಧವೆಯಾಗಿದ್ದರೂ ಸರಿಯೆ, ಅವಳ ಕೈ ಬೀಳದೆ ಸಂಬಂಧ ನಿಶ್ಚಯವಾಗದು. ದೊಡ್ಡಪ್ಪ ತೀರಿಕೊಂಡ ಮೇಲೂ ನಮ್ಮ ಕಡೆಯ ಮಡಿಲುಗಳನ್ನೆಲ್ಲ ತುಂಬಿದವರು ದೊಡ್ಡಮ್ಮ ಚಿಕ್ಕಮುನಿಯಮ್ಮನವರು. ಅವರಿಗೆ ಮಕ್ಕಳಿರಲಿಲ್ಲ. ನೆಂಟರೆದುರು ಅಪ್ಪ ಈ ಸುಧಾರಣೆಯನ್ನು ಬಹಳ ಅಭಿಮಾನದಿಂದ ವರ್ಣಿಸುತ್ತಿದ್ದರು.

ಇಂಥ ಮನೆಯಲ್ಲಿ, ಪುಸ್ತಕಕ್ಕೂ ಒಂದು ವರ್ಷ ಮೊದಲು, ಅಪ್ಪ ಅಮ್ಮನ ಮುಂದೆ ಕುಳಿತು ಅಣ್ಣ ಹೇಳಿದ್ದ: ತನಗೆ ಗಂಡಸರ ಮೇಲೆಯೇ ಪ್ರೀತಿ ಹುಟ್ಟುವುದು, ರಿಚರ್ಡ್ಸ್ ಟೌನಿನ ರಯಾನ್ ತನ್ನ ಗೆಳೆಯ ಮಾತ್ರವಲ್ಲ, ಜೊತೆಗಾರ.

"ಇದು ಯಾರ್‍ಯಾರಿಗೆ ಗೊತ್ತು?" ಅಪ್ಪನ ಮೊದಲ ಪ್ರಶ್ನೆ ಅದು.

"ರಯಾನ್‌ಗೆ ಗೊತ್ತಪ್ಪಾ."

ನಾನು ನಕ್ಕುಬಿಟ್ಟೆ. ಅಪ್ಪ ನಗಲಿಲ್ಲ. "ಯಾರಿಗೂ ಹೇಳ್ಬೇಡ. ಒಂದು ಮದುವೆ ಮಾಡಿದ್ರೆ ಎಲ್ಲ ಸರಿಹೋಗುತ್ತೆ. ಇದಕ್ಕೆ ಅದೇ ಮದ್ದು."

"ಆ ಹುಡುಗೀಗೆ ಮೊದಲೇ ಹೇಳ್ತೀರಾ?" ಎಂದು ನಾನು ಕೇಳಿದೆ.

"ಹೇಳಿದ್ರೆ ಯಾರಮ್ಮ ಹೆಣ್ಣು ಕೊಡ್ತಾರೆ?"

ಎಲ್ಲ ತಿಳಿದೂ ಹೆಣ್ಣಿಗೆ ತಿಳಿಸದೆ ಮದುವೆ ಮಾಡುವ ಈ ಪದ್ಧತಿಗೆ ಹೆಸರಿಲ್ಲ. ಹೆಸರಿಲ್ಲದಿರುವುದರಿಂದ ತಾತನ ಸುಧಾರಣೆಗಳಲ್ಲಿ ಇದು ಸೇರಿರಲಿಲ್ಲ.

ಪುಸ್ತಕದ ಕಾಲವನ್ನು ನೆನೆದರೆ ನನಗೆ ಈಗಲೂ ಶಾಯಿಯ ವಾಸನೆ ಬರುತ್ತದೆ. ಅಣ್ಣನ ಕಥೆಗಳನ್ನು ಓದಿದ ಪ್ರಕಾಶಕರೊಬ್ಬರು ಬೆನ್ನು ತಟ್ಟಿ, "ಬರವಣಿಗೆ ತುಂಬಾ ಚೆನ್ನಾಗಿದೆ ಕಣ್ರೀ. ಇಬ್ಬರಲ್ಲಿ ಒಬ್ಬನ್ನ ಹುಡುಗಿ ಮಾಡ್ಬಿಡಿ, ಈ ತಿಂಗಳೇ ತರೋಣ," ಎಂದಿದ್ದರು. ಅಣ್ಣ ವಂದಿಸಿ ಎದ್ದುಬಂದ. ತಾನೇ ಅಚ್ಚು ಹಾಕಿಸಲು ನಿರ್ಧರಿಸಿದ. ಮುಖಪುಟದ ಚಿತ್ರವನ್ನು ರಯಾನ್ ಬರೆದ. ಕರಡು ತಿದ್ದಿದವಳು ನಾನು. ಶಿವಾಜಿನಗರದ ಮಾರುಕಟ್ಟೆಯ ಹಿಂದಿನ ಗಲ್ಲಿಯಲ್ಲಿ ಇನಾಯತ್ ಉಲ್ಲಾ ಎಂಬುವರ ಮುದ್ರಣಾಲಯವಿತ್ತು. ಅವರ ಕಸುಬು ಲಗ್ನಪತ್ರಿಕೆಗಳದು. ಕನ್ನಡ ಕಥೆಯ ಪುಸ್ತಕ ಅವರಿಗೆ ಹೊಸತು.

"ಇದ್ರಲ್ಲಿ ಏನೈತೆ ಸಾಬ್?" ಎಂದು ಅವರು ಕೇಳಿದರು. ಅಣ್ಣ ಏನನ್ನೂ ಮುಚ್ಚದೆ ಹೇಳಿದ. ಬೇಡವೆನಿಸಿದರೆ ಬಿಟ್ಟುಬಿಡಿ ಎಂದೂ ಸೇರಿಸಿದ. ಇನಾಯತ್ ಉಲ್ಲಾ ಕನ್ನಡಕ ಒರೆಸಿಕೊಂಡರು. "ನಮ್ದು ಛಾಪ್ಸೋ ಕೆಲ್ಸ. ಶಾದಿ ಕಾರ್ಡಲ್ಲಿ ಬರ್ದಿರೋದೆಲ್ಲ ನಿಜಾನಾ ಅಂತ ಇಲ್ಲೀತನಕ ನಾನು ಯಾರ್ನೂ ಕೇಳಿಲ್ಲ."

ಪುಸ್ತಕದ ಕಟ್ಟು ಬಿಚ್ಚಿದಾಗ ಕೊನೆಯ ಪುಟದಲ್ಲಿ ಅಣ್ಣನ ಹೆಸರಿನ ಮೇಲೆ, ಬಳ್ಳಿಯ ಅಂಚಿನೊಳಗೆ, "ತಮ್ಮ ಆಗಮನಾಭಿಲಾಷಿ" ಎಂದಿತ್ತು. ನಾನು ತಿದ್ದಿದ ಕರಡಿನಲ್ಲಿ ಆ ಪುಟವೇ ಇರಲಿಲ್ಲ.

"ಅರೆ, ಗಲತಿ ಆಗ್ಬಿಡ್ತು! ಕಡೇ ಪೇಜು ಖಾಲಿ ಇತ್ತು, ಚೆಂದ ಕಾಣ್ಲಿ ಅಂತ ಕಾರ್ಡಿನ ಡಿಸೈನ್ ಹಾಕ್ದೆ. ಅದ್ರ ಜೊತೆ ಇದೂ ಬಂದ್ಬಿಟ್ಟೈತೆ," ಎಂದು ಅವರು ತಲೆಯ ಮೇಲೆ ಕೈಯಿಟ್ಟುಕೊಂಡರು.

ಅಣ್ಣ ಬಹಳ ಹೊತ್ತು ನಕ್ಕ. "ಇರ್ಲಿ ಬಿಡಿ ಭಾಯ್. ಬರೆಯೋನಿಗೂ ಇರೋದು ಅದೇ ಆಸೆ."

ಭಾನುವಾರಗಳಂದು ನಾವಿಬ್ಬರೂ ಬಟ್ಟೆಯ ಚೀಲದಲ್ಲಿ ಪ್ರತಿಗಳನ್ನು ತುಂಬಿಕೊಂಡು ಹಲಸೂರಿನಿಂದ ಇಂದಿರಾನಗರಕ್ಕೆ ಮೆಟ್ರೋ ಹತ್ತುತ್ತಿದ್ದೆವು. ಅಲ್ಲಿನ ಒಂದು ಅಂಗಡಿಯವರು ಪುಸ್ತಕವನ್ನು ಅಡುಗೆ ಪುಸ್ತಕಗಳ ಕೆಳಗಿನ ಕಪಾಟಿನಲ್ಲಿ ಇಟ್ಟರು. ಅಣ್ಣ ಹೋದಾಗಲೆಲ್ಲ ಅದನ್ನು ಮೇಲಕ್ಕೆ ಇಡುವನು, ಮುಂದಿನ ವಾರ ಅದು ಕೆಳಗಿಳಿದಿರುವುದು. ಕೋಲಾರದಿಂದ ಯಾರೋ ಒಬ್ಬರು ಫೋನು ಮಾಡಿ, "ಕೊನೇ ಪೇಜಲ್ಲಿ ಬನ್ನಿ ಅಂತ ಕರ್ದಿದೀರಲ್ಲ ಸಾರ್, ನಿಜವಾಗ್ಲೂ ಬರ್ಬೋದಾ?" ಎಂದು ಕೇಳಿದರು. ಅಣ್ಣ ಬನ್ನಿ ಎಂದ. ಅವರು ಬಂದರು, ಕಾಫಿ ಕುಡಿದರು, ತಮ್ಮ ಹೆಸರು ಹೇಳದೆ ಹೋದರು. ನಮ್ಮ ಬದುಕಿನ ಅತ್ಯಂತ ಹಗುರವಾದ ದಿನಗಳು ಅವು.

ಅಷ್ಟರಲ್ಲಿ ಅವರೆಕಾಯಿಯ ಕಾಲ ಬಂತು. ದೊಡ್ಡಮ್ಮ ನೆನೆದ ಕಾಳನ್ನು ಹಿತುಕುತ್ತ ಕುಳಿತಿದ್ದರು. ಅವರಿಗೆ ಓದು ಬಾರದು. "ಓದು ಪೂಜಿ, ನಿಮ್ಮಣ್ಣ ಏನ್ ಬರ್ದವ್ನೋ ಕೇಳಾನ," ಎಂದರು. ನಾನು ಓದಿದ ಕಥೆಯಲ್ಲಿ ಇಬ್ಬರು ಗೆಳೆಯರಿದ್ದರು. ಒಬ್ಬನ ಮದುವೆಯ ದಿನ ಇನ್ನೊಬ್ಬನು ಎಲ್ಲ ಪಂಕ್ತಿಗಳಿಗೂ ಬಡಿಸಿ, ತಾನು ಉಣ್ಣದೆ ಕೈ ತೊಳೆದು ಹೊರಟುಹೋಗುತ್ತಾನೆ.

ದೊಡ್ಡಮ್ಮನ ಬೆರಳುಗಳು ನಿಂತವು. "ಖುರ್ಷೀದಣ್ಣ," ಎಂದರು.

ಖುರ್ಷೀದ್ ದೊಡ್ಡಪ್ಪನ ಗೆಳೆಯರು. ನಮ್ಮ ಬಾಲ್ಯದ ಭಾನುವಾರಗಳಲ್ಲಿ ಬಿಸಿ ಶೀರ್‌ಮಾಲ್ ರೊಟ್ಟಿ ಕಟ್ಟಿಸಿಕೊಂಡು ಬಂದು, ದೊಡ್ಡಪ್ಪನ ಪಕ್ಕ ಜಗಲಿಯಲ್ಲಿ ಮಾತಿಲ್ಲದೆ ಕುಳಿತಿರುತ್ತಿದ್ದರು. ದೊಡ್ಡಪ್ಪ ಸತ್ತ ದಿನ ಅವರು ಒಳಗೆ ಬರಲಾಗದೆ ರಸ್ತೆಯ ಆಚೆ ಬದಿಯಲ್ಲಿ ನಿಂತದ್ದನ್ನು ಅಣ್ಣ ಕಂಡಿದ್ದ. ಕಥೆಯ ಉಳಿದ ಭಾಗ ಅವನ ಕಲ್ಪನೆ.

"ನಮ್ಮ ಮದುವೇಲೂ ಹಿಂಗೇ ಬಡಿಸ್ದ," ಎಂದರು ದೊಡ್ಡಮ್ಮ. "ಕೊನೇ ಪಂಕ್ತೀಲಾದ್ರೂ ಕೂರಣ್ಣ ಅಂದ್ರೆ, ಹೊಟ್ಟೆ ತುಂಬೈತೆ ಅಂದ." ಕೈಯಲ್ಲಿದ್ದ ಕಾಳನ್ನು ಕೆಳಗಿಟ್ಟು ಕೇಳಿದರು: "ಹಂಗಾರೆ ಕೊರತೆ ನಂದಲ್ವಾ ಪೂಜಿ?"

ಮಕ್ಕಳಾಗಲೆಂದು ಅವರ ಅತ್ತೆ ಅವರಿಗೆ ವರ್ಷಗಟ್ಟಲೆ ನಾಟಿ ಕಷಾಯ ಕುಡಿಸಿದ್ದರು. ಅದರ ಖಾರಕ್ಕೆ ಹೊಟ್ಟೆ ಹುಣ್ಣಾಗಿ, ಇಂದಿಗೂ ಅವರು ಮಜ್ಜಿಗೆ ಅನ್ನದ ಹೊರತು ಬೇರೇನನ್ನೂ ತಿನ್ನಲಾರರು. ಎಂದೂ ಮುಟ್ಟದ ಗಂಡನ ಪಕ್ಕದಲ್ಲಿ ಮಲಗಿ, ತಪ್ಪು ತನ್ನ ಮೈಯದೆಂದು ನಂಬಿ, ಅವರು ಕಷಾಯ ಕುಡಿದಿದ್ದರು.

"ಒಳ್ಳೇ ಮನುಷ್ಯ," ಎಂದರು. "ಒಂದಿನ ಕೈ ಎತ್ತಿಲ್ಲ. ಶುಕ್ರವಾರ ಶುಕ್ರವಾರ ಮಲ್ಲಿಗೆ ತಂದು ಕಿಟಕಿ ಮೇಲಿಡೋರು. ಮುಡಿಸ್ತಿರ್ಲಿಲ್ಲ. ನಾನೂ ಕೇಳ್ಲಿಲ್ಲ." ಅಣ್ಣನಿಗೂ ರಯಾನನಿಗೂ ಇರುವ ಪ್ರೀತಿಯನ್ನು ನಾನು ಅವರಿಗೆ ಹೇಳಿದ್ದು ಅಂದೇ.

ಫೆಬ್ರವರಿಯಲ್ಲಿ ಅಪ್ಪ ಕೆ.ಆರ್. ಪುರದ ಸಂಬಂಧ ತಂದರು. ಹುಡುಗಿಯ ಹೆಸರು ವಿಶಾಖಾ, ಶಾಲೆಯಲ್ಲಿ ಶಿಕ್ಷಕಿ. ಅಣ್ಣ ಒಲ್ಲೆನೆಂದ. ಅಮ್ಮ ಊಟ ಬಿಟ್ಟರು. "ಬರೀ ನೋಡ್ಕೊಂಡ್ ಬರೋದಪ್ಪಾ, ನಿಮ್ಮಮ್ಮನ ಮುಖ ನೋಡಿ ಬಾ," ಎಂದರು ಅಪ್ಪ. ಹಾಗಾದರೆ ಹುಡುಗಿಯೊಡನೆ ತಾನು ಒಬ್ಬನೇ ಮಾತನಾಡಬೇಕು, ನಿಜವನ್ನು ಹೇಳಬೇಕು ಎಂದು ಅಣ್ಣ ಷರತ್ತು ಹಾಕಿದ. ಅಪ್ಪ ಒಪ್ಪಿದರು.

ಅಲ್ಲಿ ತಲುಪಿದ ಮೇಲೆ ಕಾರಿನ ಡಿಕ್ಕಿಯಿಂದ ತಟ್ಟೆಗಳು ಹೊರಬಂದವು: ಅಕ್ಕಿ, ಕೊಬ್ಬರಿ, ಬೆಲ್ಲ, ಹಸಿರು ಸೀರೆ. ಮಾತಿಗೆ ಎಡೆಯೇ ಸಿಗಲಿಲ್ಲ. ವಿಶಾಖಾಳನ್ನು ಚಾಪೆಯ ಮೇಲೆ ಕೂರಿಸಿದರು. ಅಪ್ಪ ಎಂದಿನ ಅಭಿಮಾನದಿಂದ, "ನಮ್ಮಲ್ಲಿ ಹಿರಿಯ ಹೆಣ್ಮಗಳೇ ಮೊದಲು ತುಂಬೋದು. ಬನ್ನಿ ಅತ್ತಿಗೆ," ಎಂದರು.

ದೊಡ್ಡಮ್ಮ ವಿಶಾಖಾಳ ಎದುರು ಕುಳಿತರು. ಬೊಗಸೆಯಲ್ಲಿ ಅಕ್ಕಿ ತೆಗೆದುಕೊಂಡರು. ಆ ಹುಡುಗಿಯ ಮುಖವನ್ನು ನೋಡಿದರು. ಅಕ್ಕಿಯನ್ನು ತಟ್ಟೆಗೆ ಹಿಂದಕ್ಕೆ ಬಿಟ್ಟರು.

"ನಾನು ತುಂಬಲ್ಲ ಪಿಳ್ಳಪ್ಪ."

"ಏನತ್ತಿಗೆ ಇದು, ಶುಭ ಕಾಲದಲ್ಲಿ?"

"ನನ್ನ ಮಡಿಲು ತುಂಬ್ದಾಗ ನಿಂಗೆ ಗೊತ್ತಿತ್ತಾ?"

ಅಪ್ಪ ನೆಲ ನೋಡಿದರು. ಅವರಿಗೆ ಗೊತ್ತಿತ್ತು ಎಂಬುದು ನನಗೆ ತಿಳಿದದ್ದು ಆಗ.

"ಹುಡುಗಿಗೆ ಹೇಳಿ ತುಂಬ್ಸು, ತುಂಬ್ತೀನಿ. ಹೇಳ್ದೆ ತುಂಬಲ್ಲ."

"ಏನು ಹೇಳ್ಬೇಕು?" ಎಂದು ವಿಶಾಖಾಳ ತಂದೆ ಎದ್ದುನಿಂತರು.

"ಅದು ನಾನು ಹೇಳೋ ಮಾತು," ಎಂದ ಅಣ್ಣ. "ವಿಶಾಖಾ ಅವರೇ, ನಾನು ಪ್ರೀತಿಸ್ತಿರೋದು ಒಬ್ಬ ಗಂಡಸನ್ನ. ನಿಮ್ಮನ್ನ ಮದುವೆಯಾದ್ರೆ ನಿಮಗೆ ಗಂಡ ಸಿಗಲ್ಲ. ಇವತ್ತು ಒಪ್ಪಿ ಬಂದಿದ್ದೇ ಇದನ್ನ ಹೇಳೋಕೆ."

ಒಳಗಿನಿಂದ ಯಾರೋ ಗದರಿದರು, ಯಾರೋ ಅತ್ತರು. ವಿಶಾಖಾ ಮಾತ್ರ ಕದಲದೆ ಕೇಳಿದಳು: "ನಿಮ್ಮ ಮನೇವ್ರಿಗೆಲ್ಲ ಇದು ಮೊದಲೇ ಗೊತ್ತಿತ್ತಾ?"

"ಗೊತ್ತಿತ್ತು."

ಅವಳು ಎದ್ದು ಒಳಗೆ ಹೋಗಿ ಒಂದು ಲೋಟ ನೀರು ತಂದು ದೊಡ್ಡಮ್ಮನ ಕೈಗೆ ಕೊಟ್ಟಳು. "ಕುಡೀರಿ ಅಜ್ಜಿ," ಎಂದಳು. ನಮ್ಮ ಕಡೆ ತಿರುಗಿ ನೋಡಲಿಲ್ಲ.

ಹಿಂದಿರುಗುವಾಗ ಟಿನ್ ಫ್ಯಾಕ್ಟರಿಯ ಬಳಿ ಕಾರು ವಾಹನಗಳ ನಡುವೆ ಸಿಕ್ಕಿಕೊಂಡಿತು. "ಆ ದರಿದ್ರ ಪುಸ್ತಕ ಬರೀದೆ ಇದ್ದಿದ್ರೆ ಇದೆಲ್ಲ ಆಗ್ತಿತ್ತಾ?" ಎಂದರು ಅಪ್ಪ. ಅಕ್ಕಿಯ ತಟ್ಟೆ ದೊಡ್ಡಮ್ಮನ ಮಡಿಲಿನಲ್ಲಿತ್ತು.

"ಸುಗತ, ಖುರ್ಷೀದಣ್ಣ ಬದುಕವ್ನಾ ವಿಚಾರ್ಸು," ಎಂದರು ಅವರು. "ಈ ಅಕ್ಕೀಲೇ ಅನ್ನ ಮಾಡ್ತೀನಿ. ಆವತ್ತು ಅವ್ನು ಉಣ್ಣಲಿಲ್ಲ."

ಮುಂದಿನ ಭಾನುವಾರ ಅಣ್ಣ ಮತ್ತು ರಯಾನ್ ಲಿಂಗರಾಜಪುರದಿಂದ ಖುರ್ಷೀದರನ್ನು ಕರೆತಂದರು. ಬಹಳ ಮುದುಕರಾಗಿದ್ದರು, ಆದರೂ ಕೈಯಲ್ಲಿ ಶೀರ್‌ಮಾಲಿನ ಪೊಟ್ಟಣವಿತ್ತು. ದೊಡ್ಡಮ್ಮ ಎಲೆ ಹಾಕಿ ತಾವೇ ಬಡಿಸಿದರು. ಖುರ್ಷೀದ್ ತಲೆ ತಗ್ಗಿಸಿ, ಒಂದು ಅಗುಳನ್ನೂ ಬಿಡದೆ ಉಂಡರು. ಅಪ್ಪ ಹೊಸ್ತಿಲ ಬಳಿ ನಿಂತು ನೋಡುತ್ತಿದ್ದರು.

ಮದುವೆಯೆಂಬ ಮದ್ದನ್ನು ನಮ್ಮ ಮನೆಯಲ್ಲಿ ಒಮ್ಮೆ ಪ್ರಯೋಗಿಸಿ ನೋಡಲಾಗಿತ್ತು: ಕಾಯಿಲೆಯೇ ಇಲ್ಲದವರಿಗೆ ಅದನ್ನು ಕೊಟ್ಟರು, ವಿಷ ಏರಿದ್ದು ಪಕ್ಕದಲ್ಲಿ ಮಲಗಿದ್ದವರಿಗೆ.