ಇಳಿಸದೆ ಬಿಟ್ಟ ವಿಮಾನ

"ಸ್ವಲ್ಪ ಕುಂದರ್ರಿ ಮಾವಾರ. ನಾಕು ವಿಮಾನ ಇನ್ನೂ ಆಕಾಶದಾಗ ಅದಾವ," ಅಂದ ತಿರುಪತಿ, ತಲೆ ಎತ್ತದೆ.

ಓಬಳೆಪ್ಪ ಚಪ್ಪಲಿ ಬಿಟ್ಟು ಒಳಗೆ ಬಂದು, ಚೀಲವನ್ನು ಕಾಲ ಬಳಿ ಇಟ್ಟುಕೊಂಡು, ಕುರ್ಚಿಯ ತುದಿಯಲ್ಲಿ ಕೂತ. ಗಂಗಾವತಿಯಿಂದ ಕೊಪ್ಪಳದವರೆಗೆ ನಿಂತೇ ಬಂದಿದ್ದ. ಅವನು ಗಂಗಾವತಿ ಬಸ್‌ಸ್ಟ್ಯಾಂಡಿನ ಕಂಟ್ರೋಲರು. ಕಂಟ್ರೋಲರೇ ನಿಂತಿದ್ದಾರಲ್ಲ ಎಂದು ಒಬ್ಬಿಬ್ಬರು ಎದ್ದು ಸೀಟು ತೋರಿಸಿದ್ದರು, ಅವನೇ ಬೇಡವೆಂದಿದ್ದ. ಕೂತರೆ ಜೊಂಪು ಹತ್ತುತ್ತದೆ, ಜೊಂಪು ಹತ್ತಿದರೆ ಅಳಿಯನ ಮುಂದೆ ಆಡಬೇಕೆಂದು ಜೋಡಿಸಿಟ್ಟುಕೊಂಡ ಮಾತೆಲ್ಲ ಮರೆತುಹೋಗುತ್ತದೆ. ಈಗ ನೋಡಿದರೆ ಕೇಳಬೇಕಾದವನು ಮುಖವನ್ನೇ ಎತ್ತುತ್ತಿಲ್ಲ.

ಮುಂದೆ ಟಿವಿ ರಿಪೇರಿ ಅಂಗಡಿ, ಹಿಂದೆ ಮನೆ. ನಡುವಿನ ಕೋಣೆಯಲ್ಲಿ ಒಂದು ಟಿವಿ, ಅದರ ಮುಂದೆ ಪಾಟಿಯಷ್ಟಗಲದ ಕರೀ ಡಬ್ಬಿ. ಡಬ್ಬಿಯ ಮೇಲೆ ಟೈಪ್‌ರೈಟರಿನಂತೆ ಗುಂಡಿಗಳು, ಒಂದು ವೈರು ಟಿವಿಗೆ, ಇನ್ನೊಂದು ಟೇಪ್‌ರೆಕಾರ್ಡರಿಗೆ. ಅದೇ ಕಂಪ್ಯೂಟರಂತೆ. ಬೊಂಬಾಯಿಯ ಗೆಳೆಯನೊಬ್ಬ ಕಳಿಸಿದ್ದ. ಕ್ಯಾಸೆಟ್ಟು ಹಾಕಿದರೆ ಹಾಡು ಬರುವುದಿಲ್ಲ, ಕಿವಿ ಕೊರೆಯುವ ಕಿರುಚಾಟ ಬರುತ್ತದೆ. ಅದು ಮುಗಿದ ಮೇಲೆ ಟಿವಿಯಲ್ಲಿ ವಿಮಾನ ಇಳಿಸುವ ಆಟ ಮೂಡುತ್ತದೆ. ಊರ ಜನ ಮೊದಮೊದಲು ಬಂದು ನೋಡಿ, ಬರೀ ಚುಕ್ಕೆ ಕಂಡು, ಇದೇನು ಆಟವೋ ಎಂದು ಎದ್ದುಹೋಗಿದ್ದರು.

ಈ ಡಬ್ಬಿಯೇ ಮಗಳು ಯಮನೂರಮ್ಮನಿಗೆ ಸವತಿಯಾಗಿ ಬಂದಿತ್ತು. ದೀಪಾವಳಿಯ ಹಟ್ಟಿಹಬ್ಬದ ದಿನ ಹೋಳಿಗೆ ಮಾಡಿಟ್ಟು ಗಂಡನನ್ನು ಊಟಕ್ಕೆ ಕರೆದಳು. ಮತ್ತೆ ಕರೆದಳು. ಆಮೇಲೆ ಕರೆಯಲು ಹೋಗಲಿಲ್ಲ, ಪ್ಲಗ್ಗನ್ನೇ ಕಿತ್ತಳು. ಇಷ್ಟು ವಿಮಾನ ಕೆಡವಿದ ಮೇಲೆ ನಿನಗೆ ಇಲ್ಲೇನು ಕೆಲಸ, ನಡೆ ನಿಮ್ಮಪ್ಪನ ಮನೆಗೆ ಅಂದನಂತೆ ತಿರುಪತಿ. ಅವಳೂ ಓಬಳೆಪ್ಪನ ಮಗಳೇ. ಟ್ರಂಕು ಎತ್ತಿಕೊಂಡು ಹೊರಟೇಬಿಟ್ಟಳು. ಸಂಕ್ರಾಂತಿಯೂ ಆಗಿಹೋಯಿತು, ಇನ್ನೂ ತವರಿನಲ್ಲೇ ಇದ್ದಳು.

ಮುನಿಸಿಕೊಂಡು ಬಂದ ಮಗಳನ್ನು ಗಂಡನ ಮನೆಯವರೇ ಬಂದು ಕರೆದುಕೊಂಡು ಹೋಗಬೇಕು. ಕರೆಯದೆ ಕಳಿಸಿದರೆ, ಹಡೆದವರಿಗೇ ಭಾರವಾಗಿದ್ದಳು ಅನ್ನುತ್ತಾರೆ. ಕರೆಯದೆ ಹೋದರೆ ಆ ಮನೆಯಲ್ಲಿ ಅವಳ ಮಾತಿಗೆ ಮುಂದೆಂದೂ ಕಿಮ್ಮತ್ತಿರುವುದಿಲ್ಲ. ತಿರುಪತಿಗೆ ಅಪ್ಪ ಅವ್ವ ಇರಲಿಲ್ಲ. ಬಂದರೆ ಅವನೇ ಬರಬೇಕು. ಅವನು ಬರಲಿಲ್ಲ. ಓಣಿಯ ಹೆಂಗಸರು ನೀರಿನ ನಳದ ಹತ್ತಿರ ಯಮನೂರಮ್ಮನನ್ನು "ಇನ್ನೂ ಇದ್ದೀ ಏನವ್ವ?" ಎಂದು ಕೇಳತೊಡಗಿದ್ದರು. ಅವಳು ನಳಕ್ಕೆ ಹೋಗುವುದನ್ನೇ ಬಿಟ್ಟಿದ್ದಳು.

"ಡಿಪೋದಾಗ ಸ್ವಲ್ಪ ಕೆಲಸ ಇತ್ರಿ. ಹಂಗ ನಿಮ್ಮ ಮುಖ ನೋಡಿ ಹೋಗೂಣಂತ ಬಂದೆ," ಅಂದ ಓಬಳೆಪ್ಪ. ಡಿಪೋದಲ್ಲಿ ಅವನಿಗೆ ಯಾವ ಕೆಲಸವೂ ಇರಲಿಲ್ಲ. "ಊಟಕ್ಕ ಹೆಂಗ ಮಾಡೀರಿ?"

"ಖಾನಾವಳಿ ಐತೆಲ್ರಿ."

"ನಮ್ಮ ಯಮನೂರಮ್ಮ..."

"ತಾನಾಗಿ ಹೋಗ್ಯಾಳ, ತಾನಾಗಿ ಬರಲಿ ಮಾವಾರ. ನಾ ಬ್ಯಾಡ ಅಂದಿಲ್ಲ."

ಸಿಟ್ಟಿನಿಂದ ಅಂದಿದ್ದರೆ ಓಬಳೆಪ್ಪನಿಗೆ ಎಷ್ಟೋ ಹಗುರಾಗುತ್ತಿತ್ತು. ಸಿಟ್ಟಾದವರ ಜೊತೆ ಅವನ ಬದುಕೇ ಕಳೆದಿದೆ. ಬಸ್ಸು ಬರಲಿಲ್ಲವೆಂದು, ಬಂದದ್ದು ನಿಲ್ಲಲಿಲ್ಲವೆಂದು ಬೆಳಗಿನಿಂದ ಸಂಜೆಯವರೆಗೆ ಜನ ಅವನ ಕಿಟಕಿಗೆ ಬಂದು ಗಂಟಲು ಹರಿದುಕೊಳ್ಳುತ್ತಾರೆ. ತಿರುಪತಿ ಮಾತ್ರ ಯಾರದೋ ಮನೆಯ ಸುದ್ದಿ ಹೇಳಿದಂತೆ ಹೇಳಿ ಗುಂಡಿ ಒತ್ತಿದ. ಒಳ್ಳೆಯ ಹುಡುಗನೇ. ಕುಡಿಯುವುದಿಲ್ಲ, ಹೊಡೆಯುವುದಿಲ್ಲ. ಹೀಗಿರುವವನ ಮೇಲೆ ನಾಲ್ಕು ಜನರ ಮುಂದೆ ಏನೆಂದು ದೂರು ಹೇಳುವುದು?

"ಬರ್ರಿ, ಇಲ್ಲಿ ನೋಡ್ರಿ. ಇದು ನಿಮ್ಮ ಕೆಲಸಾನ ಐತಿ," ಎಂದು ಅಳಿಯ ಕುರ್ಚಿ ಸರಿಸಿಕೊಂಡ.

ಬಿಳೀ ಚುಕ್ಕೆಗಳು ತಟಕು ತಟಕಾಗಿ ಸರಿಯುತ್ತಿದ್ದವು. ಒಂದೊಂದಕ್ಕೂ ಒಂದು ಹೆಸರು, ಎಷ್ಟು ಎತ್ತರದಲ್ಲಿದೆ ಎಂಬ ಅಂಕಿ. ಹೆಸರು ಒತ್ತಿ, ಎಡಕ್ಕೋ ಬಲಕ್ಕೋ, ಮೇಲೋ ಕೆಳಗೋ ಎಂದು ಹೇಳಬೇಕು. ಒಂದಕ್ಕೊಂದು ತಾಗದಂತೆ ಸಾಲಾಗಿ ತಂದು ನಡುವಿನ ಗೆರೆಯ ಮೇಲೆ ಇಳಿಸಬೇಕು. ಮದುವೆಯಾದಾಗಿನಿಂದ ಮಾವನ ಜೊತೆ ಆಡದಷ್ಟು ಮಾತನ್ನು ತಿರುಪತಿ ಆಗ ಆಡಿದ. ಕಣ್ಣು ಹೊಳೆಯುತ್ತಿತ್ತು. ಅವನನ್ನು ಕಂಡು ಓಬಳೆಪ್ಪನಿಗೆ ಪಾಪವೆನಿಸಿತು.

"ಒಂದಕ್ಕ ಹೇಳಿದ್ದು ಇನ್ನೊಂದಕ್ಕ ಗೊತ್ತಾಗತೈತೇನು?" ಎಂದು ಕೇಳಿದ.

"ಇಲ್ರಿ. ಅದರದು ಅದಕ್ಕ, ಇದರದು ಇದಕ್ಕ. ಕೂಡಿಸೂದು ನಮ್ಮ ಕೆಲಸ."

"ಆ ಮೂಲ್ಯಾಗಿಂದು? ನಾ ಬಂದಾಗಿಂದ ಅಲ್ಲೇ ಸುತ್ತಾಕತ್ತೈತಿ."

ತಿರುಪತಿ ಬಗ್ಗಿ ನೋಡಿದ. "ಹೌದಲ್ರಿ. ಕಾಯಾಕ ಹಚ್ಚಿದ್ದೆ, ಮರತೆ."

"ತಾನಾಗಿ ಇಳಿಯಂಗಿಲ್ಲೇನು?"

"ಹೆಂಗ ಇಳಿತೈತ್ರಿ? ನಾವು ಹೇಳಬೇಕು. ಹೇಳೂತನಕ ಸುತ್ತತಿರತೈತಿ, ಎಣ್ಣಿ ತೀರೂತನಕ."

ಅವನ ಬೆರಳು ಗುಂಡಿಗೆ ಹೋಗುವಷ್ಟರಲ್ಲಿ ಮೂಲೆಯಲ್ಲಿ ಚುಕ್ಕೆ ಇರಲಿಲ್ಲ. ಸಪ್ಪಳವೂ ಆಗಲಿಲ್ಲ. "ಹೋತು," ಅಂದ ತಿರುಪತಿ. "ಇರ್ಲಿ ಬಿಡ್ರಿ, ಇನ್ನೊಂದು ಬರತೈತಿ."

ಓಬಳೆಪ್ಪ ಆ ಖಾಲಿ ಮೂಲೆಯನ್ನೇ ನೋಡಿದ. ಆಟವೆಂದು ಅವನಿಗೇನು ಗೊತ್ತಿರಲಿಲ್ಲವೇ? ಆದರೂ ಗಂಗಾವತಿಯಿಂದ ಜೋಡಿಸಿಕೊಂಡು ಬಂದಿದ್ದ ಮಾತು ಒಂದೂ ನೆನಪಾಗಲಿಲ್ಲ. ನಾಲಿಗೆಗೆ ಬಂದದ್ದೇ ಬೇರೆ.

"ಯಮನೂರಮ್ಮ ನಾಳೆ ಬರತಾಳ್ರಿ. ತಾನಾಗೇ ಹೋಗತೇನಿ ಅಂದಾಳ. ಮುಂಜಾನಿ ಗಾಡಿಗೆ ನಾನ ಹತ್ತಸತೇನಿ. ನೀವು ಬಸ್‌ಸ್ಟ್ಯಾಂಡಿಗೆ ಬಂದು ಟ್ರಂಕು ಇಳಿಸಿಕೊಂಡ್ರ ಸಾಕು."

"ಆತ್ರಿ ಮಾವಾರ. ಬರತೇನಿ," ಅಂದ ತಿರುಪತಿ. ಟಿವಿಯಲ್ಲಿ ಹೊಸ ಚುಕ್ಕೆಯೊಂದು ಮೂಡಿತ್ತು.

ಮನೆ ಮುಟ್ಟಿದಾಗ ಯಮನೂರಮ್ಮ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಅವಳವ್ವ ಪಾರ್ವತೆಮ್ಮ ಗಂಡನ ಮುಖವನ್ನೇ ನೋಡುತ್ತ ನೀರು ತಂದುಕೊಟ್ಟಳು.

"ಅಳಿಯಾರು ಕರಿಯಾಕ ಬರಾವ್ರ ಇದ್ರು," ಎಂದು ಓಬಳೆಪ್ಪ ತಂಬಿಗೆಗೆ ಹೇಳಿದಂತೆ ಹೇಳಿದ. "ಅಂಗಡಿ ಬಿಟ್ಟು ಇಲ್ಲೀತನಕ ಬರಾಕ ಆಗವಲ್ದಂತ. ನಾಳೆ ಕೊಪ್ಪಳ ಬಸ್‌ಸ್ಟ್ಯಾಂಡಿನಾಗ ನಿಂತಿರತಾರ. ಕರಕೊಂಡು ಹೋಗತಾರ."

ರೊಟ್ಟಿ ಬಡಿಯುವ ಸಪ್ಪಳ ನಿಂತಿತು. "ಅವರ ಬಾಯಿಲೇ ಅಂದ್ರೇನಪ್ಪ?"

"ಅವರ ಬಾಯಿಲೇ."

ಮಗಳು ಅವನನ್ನು ನೋಡಿದಳು. ಓಬಳೆಪ್ಪ ಮುಖಕ್ಕೆ ನೀರು ಚಿಮುಕಿಸಿಕೊಂಡು ಟವೆಲ್ಲಿನಲ್ಲಿ ಬಹಳ ಹೊತ್ತು ಒರೆಸಿಕೊಂಡ. ಸಪ್ಪಳ ಮತ್ತೆ ಶುರುವಾಯಿತು. "ಹಂಗಾದ್ರ ಹೋಗತೇನಿ," ಅಂದಳು.

ಬೆಳಿಗ್ಗೆ ಕೊಪ್ಪಳದ ಗಾಡಿಯ ಕಂಡಕ್ಟರು ಮೆಹಬೂಬಸಾಬ. ಓಬಳೆಪ್ಪನ ಜೊತೆಗೇ ಕೆಲಸಕ್ಕೆ ಸೇರಿದವನು, ಯಮನೂರಮ್ಮನನ್ನು ತೊಟ್ಟಿಲಲ್ಲಿದ್ದಾಗಿನಿಂದ ಬಲ್ಲವನು. ಟ್ರಂಕನ್ನು ತಾನೇ ಎತ್ತಿ ಡ್ರೈವರಿನ ಹಿಂದೆ ಇಟ್ಟ. ಯಮನೂರಮ್ಮ ಹಸಿರು ಸೀರೆ ಉಟ್ಟು, ಹೂವು ಮುಡಿದಿದ್ದಳು. ಕಿಟಕಿಯಿಂದ ಏನೋ ಹೇಳಬೇಕೆಂದು ಬಾಯಿ ತೆರೆದವಳು, "ಅಪ್ಪ, ಬಿಸಿಲಾಗ ನಿಂದರಬ್ಯಾಡ," ಎಂದಷ್ಟೇ ಅಂದಳು. ಓಬಳೆಪ್ಪ ತನ್ನ ಕಂಟ್ರೋಲರ್ ಕೋಣೆಗೆ ಹೋಗಿ, ಹುಲಿಗಿ ಮಾರ್ಗವಾಗಿ ಕೊಪ್ಪಳಕ್ಕೆ ಹೋಗುವ ಬಸ್ಸು ಹೊರಡುತ್ತಿದೆ ಎಂದು ಮೈಕಿನಲ್ಲಿ ಕೂಗಿದ.

ಗೇಟು ದಾಟಿ ಹೋದ ಬಸ್ಸು ಎಲ್ಲಿದೆ ಎಂದು ತೋರಿಸುವ ಚುಕ್ಕೆ ಅವನ ಕೋಣೆಯಲ್ಲಿ ಇರಲಿಲ್ಲ. ಈಗ ಹುಲಿಗಿ ಬಂದಿರಬೇಕು, ಈಗ ಕೊಪ್ಪಳ ಮುಟ್ಟಿರಬೇಕು, ಈಗ ಅಳಿಯ ಟ್ರಂಕು ಇಳಿಸಿಕೊಳ್ಳುತ್ತಿರಬೇಕು ಎಂದು ಅವನೇ ಅಂದಾಜು ಮಾಡುತ್ತ ಕೂತ. ನವಲಿಯ ಬಸ್ಸಿಗೆ ತಾವರಗೇರಾ ಎಂದು ಕೂಗಿ ಜನರಿಂದ ಬೈಸಿಕೊಂಡ. ಇದೊಂದು ಹಾದಿಗೆ ಹತ್ತಲಿ ದೇವರೇ, ಆಮೇಲೆ ಸುಳ್ಳಿನ ಪಾಪ ನನ್ನ ತಲೆಗಿರಲಿ, ಎಂದು ಮತ್ತೆ ಮತ್ತೆ ಅಂದುಕೊಂಡ.

ಬಿಸಿಲು ಇಳಿಯುವ ಹೊತ್ತಿಗೆ ಗಾಡಿ ತಿರುಗಿ ಬಂತು. ಇಳಿದವರನ್ನೆಲ್ಲ ಓಬಳೆಪ್ಪ ನೋಡಿದ. ಅವರಲ್ಲಿ ಹಸಿರು ಸೀರೆ ಇರಲಿಲ್ಲ. ಮೆಹಬೂಬಸಾಬ ಕಿಟಕಿಗೆ ಬಂದು ನಿಂತ.

"ಮುಟ್ಟಿಸಿದೆ, ಓಬಳೆಪ್ಪಾರ. ಅಳಿಯಾರು ಬಂದಿದ್ರು, ಕರಕೊಂಡು ಹೋದ್ರು ಅಂತ ಅಪ್ಪಗ ಹೇಳ್ರಿ ಅಂತ ನಿಮ್ಮ ಮಗಳು ಹೇಳ್ಯಾಳ."

ಹಟ್ಟಿಹಬ್ಬದಿಂದ ಬೆನ್ನ ಮೇಲಿದ್ದ ಚೀಲವನ್ನು ಯಾರೋ ಇಳಿಸಿದಂತಾಯಿತು. ಓಬಳೆಪ್ಪ ಕಣ್ಣು ಮುಚ್ಚಿಕೊಂಡ. ಮತ್ತೆ ತೆರೆದಾಗ ಮೆಹಬೂಬಸಾಬ ಹೋಗದೆ ಅಲ್ಲೇ ನಿಂತು, ಟಿಕೆಟ್ಟಿನ ಚೀಲದ ಗುಂಡಿಯನ್ನು ಹಾಕುತ್ತ ತೆಗೆಯುತ್ತ ಇದ್ದ.

"ಟ್ರಂಕು ಯಾರು ಇಳಿಸಿಕೊಂಡ್ರು?"

"ನಾನ ಇಳಿಸಿ ಕೊಟ್ಟೆ."

"ಹೊತಗೊಂಡು ಹೋದವರು ಯಾರು, ಮೆಹಬೂಬಸಾಬ?"

ಅವನು ಬಸ್ಸಿನ ಕಡೆ ನೋಡಿದ, ನೆಲದ ಕಡೆ ನೋಡಿದ. "ಆಕಿನ ಹೊತ್ಲು," ಅಂದ. "ಟ್ರಂಕಿನ ಮ್ಯಾಲ ಭಾಳೊತ್ತು ಕುಂತಿದ್ಲು. ಯಾರೂ ಬರಲಿಲ್ಲ. ವಾಪಸ್ ಬರತಿ ಏನವ್ವ ಅಂತ ಕೇಳಿದೆ, ಒಲ್ಲೆ ಅಂದ್ಲು. ನಾವು ಗಾಡಿ ತಿರುಗಿಸೂಮುಂದ ಬಂದು ಅಷ್ಟು ಹೇಳಿ, ಟ್ರಂಕು ತಲಿ ಮ್ಯಾಲ ಇಟಗೊಂಡು ಹೋದ್ಲು. ನಿಮಗ ಹೇಳಬಾರದು ಅಂತ ಆಣಿ ಹಾಕ್ಯಾಳ."

ಓಬಳೆಪ್ಪ ಮೈಕಿನ ಕಡೆ ತಿರುಗಿದ. ಕುಷ್ಟಗಿಯ ಗಾಡಿ ಬಂತು, ಅದನ್ನು ಕೂಗಿದ. ಅದು ಹೋಯಿತು.

ಮನೆಗೆ ಬಂದಾಗ ಪಾರ್ವತೆಮ್ಮ ಬಾಗಿಲಲ್ಲೇ ಇದ್ದಳು. "ಬಂದಿದ್ರೇನ್ರಿ ಅಳಿಯಾರು?"

"ಬಂದಿದ್ರು."

"ಕರಕೊಂಡು ಹೋದ್ರಾ?"

"ಹೂಂ."

"ಹುಲಿಗೆಮ್ಮ ಕಣ್ಣು ತೆರದ್ಲು ನೋಡ್ರಿ," ಎಂದು ಅವಳು ಕೆನ್ನೆಗೆ ಕೈ ಮುಟ್ಟಿಸಿಕೊಂಡಳು. ಮಗಳು ಹೊದೆಯುತ್ತಿದ್ದ ಕೌದಿ ಅಂಗಳದ ಹಗ್ಗದ ಮೇಲಿತ್ತು. ಅದನ್ನು ತೆಗೆದು ಕೊಡವಿ, "ಒಂದು ಕಡೆ ಹಿಡೀರಿ," ಅಂದಳು. ಓಬಳೆಪ್ಪ ಎರಡು ತುದಿ ಹಿಡಿದ. ಇಬ್ಬರೂ ಎದುರೆದುರು ನಿಂತು, ಎಳೆದು, ಮಡಚಿದರು. ಮಡಚುತ್ತ ಮಡಚುತ್ತ ಅವಳು ಹತ್ತಿರ ಬಂದಾಗ ಅವನು ತುದಿಗಳನ್ನು ಅವಳ ಕೈಗೆ ಕೊಟ್ಟು, ಕಾಲು ತೊಳೆಯಲು ಬಚ್ಚಲಿಗೆ ಹೋದ.