ನೀರಾರದ ಕ್ಯಾಸೆಟ್ಟು

ಹುಡುಗನಿಗೆ ಕುಡಿತವಿಲ್ಲ, ಇಸ್ಪೀಟಿಲ್ಲ ಎಂದು ಮದುವೆಗೆ ಮೊದಲು ಹೇಳಿದ್ದರು. ಅದು ನಿಜವೇ. ಎಕ್ಸ್‌ಟ್ರೀಮ್ ಮೆಟಲ್ ಎಂಬ ಅರಚಾಟದ ಸಂಗೀತದ ಹುಚ್ಚು ಇದೆ ಎಂದು ಮಾತ್ರ ಯಾರೂ ಹೇಳಿರಲಿಲ್ಲ. ಹೇಳೋಣವೆಂದರೂ ಹಾಲ್ಕುರಿಕೆಯ ಸುತ್ತಮುತ್ತ ಅದು ಏನೆಂದು ಯಾರಿಗೆ ಗೊತ್ತಿತ್ತು?

ನಮ್ಮವರ ಹೆಸರು ಮೋಹನ್. ತಿಪಟೂರಿನಲ್ಲಿ ಟೇಪ್‌ರೆಕಾರ್ಡರ್ ರಿಪೇರಿ ಮಾಡುವ ಮುನಾಫ್ ಇವರ ಹೈಸ್ಕೂಲಿನ ಗೆಳೆಯ. ಮುನಾಫನ ಭಾವ ಕೊಬ್ಬರಿ ಲಾರಿ ತೆಗೆದುಕೊಂಡು ದೆಹಲಿಗೆ ಹೋಗುತ್ತಿದ್ದರು, ಬರುವಾಗ ಅಲ್ಲಿನ ಫುಟ್‌ಪಾತಿನಿಂದ ಕ್ಯಾಸೆಟ್ ತರುತ್ತಿದ್ದರು. ಇಲ್ಲಿಂದ ಅಷ್ಟು ಒಳ್ಳೆಯ ಕೊಬ್ಬರಿ ಹೋಗಿ ಅಲ್ಲಿಂದ ಇದು ಬರುತ್ತದಲ್ಲ ಎಂದು ನನಗೆ ಹೊಟ್ಟೆ ಉರಿಯುತ್ತಿತ್ತು. ಕ್ಯಾಸೆಟ್ಟಿನ ಮೇಲೆ ತಂಡದ ಹೆಸರು ಕಿತ್ತುಹಾಕಿದ ತೆಂಗಿನ ಬೇರಿನ ಹಾಗಿರುತ್ತಿತ್ತು, ಇಂಗ್ಲಿಷ್ ಬಲ್ಲವರಿಗೂ ಓದಲಾಗದು. ಹಾಗಾಗಿ ನಾನೇ ನಾಮಕರಣ ಮಾಡಿದ್ದೆ. ಒಂದು 'ಬೋರ್‌ವೆಲ್'. ಒಂದು 'ಎಮ್ಮೆ ಬಾವಿಗೆ ಬಿತ್ತು'. ನಾರ್ವೆ ದೇಶದವರದೊಂದು 'ಚಳಿಜ್ವರ'. ಮೊದಮೊದಲು ಇವರಿಗೆ ಸಿಟ್ಟು ಬರುತ್ತಿತ್ತು. ಆಮೇಲೆ ತಾವೇ "ಭಾನು, ಎಮ್ಮೆ ಎಲ್ಲಿಟ್ಟೆ?" ಎಂದು ಕೇಳತೊಡಗಿದರು.

ಪ್ರತಿ ಡಿಸೆಂಬರಿನಲ್ಲಿ ಒಂದು ಭಾನುವಾರ ಮಧ್ಯಾಹ್ನ ಇವರಿಂದ 'ವರ್ಷದ ಐದು ಶ್ರೇಷ್ಠ ಆಲ್ಬಮ್' ಘೋಷಣೆ. ಮುನಾಫ್ ಎಮ್ಮೆಕರುವಿನಷ್ಟು ದೊಡ್ಡ ಸ್ಪೀಕರ್ ಡಬ್ಬ ತಂದು ಪಡಸಾಲೆಯಲ್ಲಿ ಇಡುತ್ತಿದ್ದ. ಇವರು ಐದನೆಯದರಿಂದ ಶುರುಮಾಡಿ ಒಂದನೆಯದಕ್ಕೆ ಬರುತ್ತಿದ್ದರು. ನಾನು ಹಿತ್ತಲಿಗೆ ಓಡುತ್ತಿದ್ದೆ. ಅತ್ತೆ ಹನುಮಕ್ಕ ಓಡುವವರಲ್ಲ, ನಿಂತು ಬೈಯುವವರು.

"ಲೇ ಮೋಹ್ನ, ಯಾವನ್ ಕತ್ತು ಹಿಸುಕ್ತಾ ಇದೀಯಲಾ? ಬುಡ್ಲಾ ಅವನ್ನ, ಪಾಪ ಬರ್ತದೆ!"

ನಾರ್ವೆಯಲ್ಲಿ ಚಳಿಗಾಲವಿಡೀ ಬಿಸಿಲೇ ಕಾಣದ ಊರುಗಳಿವೆಯಂತೆ ಎಂದು ಮುನಾಫ್ ಒಮ್ಮೆ ತಿಳಿಸಿ ಹೇಳಿದ. "ಬಿಸ್ಲಿಲ್ದೆ ಕೊಬ್ರಿ ಎಲ್ಲಾಗ್ತದೆ? ಅದುಕ್ಕೇ ಅರಚ್ತವೆ, ಬಡ್ಡೆತ್ತವು" ಎಂದರು ಅತ್ತೆ. ಮನೆಯವರಲ್ಲಿ ಒಬ್ಬರಾದರೂ ಕೊನೆತನಕ ಕೂತು ಕೇಳಲಿ ಎಂಬುದು ಇವರ ದೊಡ್ಡ ಆಸೆ. ಅದು ಈ ಜನ್ಮಕ್ಕೆ ಇಲ್ಲ ಎಂದು ನಾನು ಹೇಳಿಬಿಟ್ಟಿದ್ದೆ.

ತೊಂಬತ್ತೆಂಟರ ಡಿಸೆಂಬರಿನಲ್ಲಿ ಅತ್ತೆ ಬೈಯಲಿಲ್ಲ. ಮೊರದ ತುಂಬ ಅವರೆಕಾಯಿ ತಂದು, ಸ್ಪೀಕರ್ ಡಬ್ಬಕ್ಕೆ ಬೆನ್ನು ಆನಿಸಿ ಕೂತು ಸುಲಿಯತೊಡಗಿದರು. 'ಬೋರ್‌ವೆಲ್' ಮುಗಿಯಿತು, ಕೂತೇ ಇದ್ದರು. 'ಎಮ್ಮೆ' ಬಂದಾಗ ಅವರ ತಲೆ ಮೆಲ್ಲಗೆ ಆಡುತ್ತಿತ್ತು. ಇವರ ಕಣ್ಣಲ್ಲಿ ನೀರು ಬಂತು. ಮಾರನೆಯ ದಿನ ತಿಪಟೂರಿನ ಬಸ್ಸಿನಲ್ಲಿ ಸಿಕ್ಕಸಿಕ್ಕವರಿಗೆಲ್ಲ, "ನಮ್ಮವ್ವ ಡೆತ್ ಮೆಟಲ್ ಕೇಳ್ತಾಳೆ ಕಣ್ರೀ" ಎಂದು ಹೇಳಿಕೊಂಡು ಬಂದರಂತೆ. ಕೇಳಿದವರು ಡೆತ್ ಎಂಬುದೊಂದನ್ನೇ ಹಿಡಿದುಕೊಂಡರು. ಸಂಜೆ ಹೊತ್ತಿಗೆ ಇಬ್ಬರು ನೆಂಟರು ಹೂವಿನ ಹಾರದ ಜೊತೆ ಬಂದರು. ಬಾಗಿಲಲ್ಲೇ ಕೂತಿದ್ದ ಅತ್ತೆ, ಹೂವು ಚೆನ್ನಾಗಿದೆ ಎಂದು ದೇವರಿಗೆ ಹಾಕಿದರು.

ನನಗೆ ಅನುಮಾನ ಬಂದದ್ದು ಬೇರೆ ಕಡೆಯಿಂದ. ಕುಕ್ಕರ್ ಕೂಗಿದರೂ ಅತ್ತೆ ಏಳುತ್ತಿರಲಿಲ್ಲ. ಕರು ಹಗ್ಗ ಬಿಚ್ಚಿಕೊಂಡು ಅವರ ಬೆನ್ನ ಹಿಂದೆಯೇ ಅರಚಿದರೂ ತಿರುಗುತ್ತಿರಲಿಲ್ಲ. ಕಿವಿ ಹೋಗಿದೆ ಎಂದು ನನಗೆ ಖಾತ್ರಿಯಾಯಿತು. ಆದರೆ ಹೇಗೆ ಹೇಳುವುದು? ನಮ್ಮ ಮನೆಯಲ್ಲಿ ಅತ್ತೆಯ ಕಿವಿ ಎಂದರೆ ಸಾಮಾನ್ಯವಲ್ಲ.

ನಮ್ಮ ಕಡೆ ಕಾಯಿಯನ್ನು ಸಿಪ್ಪೆ ಸಮೇತ ವರ್ಷದ ತನಕ ಅಟ್ಟದ ಮೇಲಿಡುತ್ತೇವೆ. ಕೆಳಗಿನ ಒಲೆಯ ಬಿಸಿ, ಹೊಗೆ ತಾಗಿ ನೀರು ಆರುತ್ತದೆ, ಕೊಬ್ಬರಿ ಉಂಡೆಯಾಗಿ ಚಿಪ್ಪು ಬಿಡುತ್ತದೆ. ಅಟ್ಟ ಇಳಿಸುವ ದಿನ ಕಾಯನ್ನು ಕೆಳಗೆ ತಂದು ಕಿವಿಯ ಹತ್ತಿರ ಹಿಡಿದು ಅಲುಗಿಸಬೇಕು. ಲೊಟಲೊಟ ಎಂದರೆ ಆಗಿದೆ. ಗುಳುಗುಳು ಎಂದರೆ ನೀರಿದೆ, ಮತ್ತೆ ಅಟ್ಟಕ್ಕೆ. ಅಟ್ಟದ ಕೆಳಗೆ ಮಣೆ ಹಾಕಿಕೊಂಡು ಈ ತೀರ್ಪು ಕೊಡುವವರು ಅತ್ತೆ. ಮಾವನವರಿದ್ದಾಗಲೂ ಆ ಮಣೆ ಅತ್ತೆಯದೇ. ಕಿವಿ ಹೋಯಿತೆಂದರೆ ಮಣೆ ಹೋಯಿತು. ನನ್ನನ್ನು ಅವರು ಎಷ್ಟು ಗೋಳು ಹೊಯ್ದುಕೊಂಡಿದ್ದರೂ ಅದನ್ನು ಬಾಯಿಬಿಟ್ಟು ಹೇಳಲು ನನಗೆ ಮನಸ್ಸು ಬರಲಿಲ್ಲ.

ಸಂಕ್ರಾಂತಿ ಕಳೆದು ಅಟ್ಟ ಇಳಿಸಿದೆವು. ಮುನಾಫನೂ ಸಹಾಯಕ್ಕೆ ಬಂದಿದ್ದ, ಅವನ ಡಬ್ಬ ಇನ್ನೂ ಪಡಸಾಲೆಯಲ್ಲೇ ಇತ್ತು. ಅತ್ತೆ ಮಣೆಯ ಮೇಲೆ ಕೂತು ಒಂದೊಂದೇ ಕಾಯಿ ಕಿವಿಗಿಟ್ಟು ಅಲುಗಿಸಿ, "ಆಗೈತೆ, ಆಗೈತೆ" ಎಂದು ಈಚೆಗೆ ಹಾಕುತ್ತಿದ್ದರು. ಒಂದನ್ನೂ ವಾಪಸು ಕಳಿಸಲಿಲ್ಲ. ಕೂಲಿಗೆ ಬಂದು ಸುಲಿದು ಒಡೆಯುತ್ತಿದ್ದ ಶ್ರೀರಂಗಯ್ಯನ ತೊಡೆಯ ಮೇಲೆ ನೀರು ಚೆಲ್ಲಿತು. ಮುಂದಿನ ಕಾಯಿಯಲ್ಲೂ ನೀರು. ಅದರ ಮುಂದಿನದು ಅವನ ಮುಖಕ್ಕೇ ಹಾರಿತು.

"ಹನುಮಕ್ಕೋ, ಕೊಬ್ರಿ ಒಡಿಯಕ್ಕೆ ಕರೆದ್ಯೋ, ತಲೆಗೆ ನೀರು ಹುಯ್ಯಕ್ಕೆ ಕರೆದ್ಯೋ?" ಎಂದು ಅವನು ರೇಗಿದ.

ಅತ್ತೆ ಇನ್ನೊಂದು ಕಾಯಿ ಅಲುಗಿಸಿ "ಆಗೈತೆ" ಎಂದರು. ಇವರು ಹಿಂದಿನಿಂದ "ಅವ್ವಾ!" ಎಂದು ಕೂಗಿದರು. ಅತ್ತೆ ತಿರುಗಲಿಲ್ಲ. ಇವರ ಮುಖ ಬಾಡಿಹೋಯಿತು. ಅವ್ವನಿಗೆ ಕಿವಿ ಹೋಗಿದೆ ಎಂಬುದು ಒಂದು ಪೆಟ್ಟು, ತಮ್ಮ ಹಾಡು ಮೆಚ್ಚಿದ ಒಬ್ಬಳೇ ಒಬ್ಬಳು ಕಿವುಡಿ ಎಂಬುದು ಇನ್ನೊಂದು. ಯಾವುದು ಹೆಚ್ಚು ನೋಯಿಸಿತೋ ನಾನು ಕೇಳಲಿಲ್ಲ.

ಎಲ್ಲರೂ ತಮ್ಮನ್ನೇ ನೋಡುತ್ತಿರುವುದು ಕಂಡು ಅತ್ತೆ ಕಾಯಿ ಕೆಳಗಿಟ್ಟರು. "ಕೇಳಿಸ್ತಿಲ್ಲ ಕಣ್ಲಾ ಮೋಹ್ನ. ಕಿವಿ ಮುಚ್ಕೊಂಡೋಗಿ ಆರು ತಿಂಗಳಾಯ್ತು" ಎಂದು ಮಣೆ ಬಿಟ್ಟು ಎದ್ದರು. ಆ ಮಣೆಯಿಂದ ಕೆಲಸ ಮುಗಿಯುವ ಮೊದಲು ಅವರು ಎದ್ದದ್ದನ್ನು ನಾನು ಕಂಡೇ ಇರಲಿಲ್ಲ. ಆಮೇಲೆ ಮಗನ ಮುಖ ನೋಡಿ ಸಮಾಧಾನ ಮಾಡಿದರು. "ನಿನ್ನ ಹಾಡು ಮಾತ್ರ ಕೇಳಿಸ್ತು ಬುಡು. ಬೆನ್ನಿಗೆ ಕೇಳಿಸ್ತು. ಮನೇಲಿ ಬೇರೆ ಯಾರ ಸದ್ದೂ ಇಲ್ಲ ನಂಗೆ, ಅದೊಂದೇಯ."

ನನಗೆ ಅಳು ಬಂತು. ನನಗೆ ಅಳು ಬಂದರೆ ಅದರ ಹಿಂದೆಯೇ ಸಿಟ್ಟು ಬರುತ್ತದೆ. ಒಂದು ಕಾಯಿ ಎತ್ತಿಕೊಂಡು ಹೋಗಿ ಅವರ ದವಡೆಗೆ ಒತ್ತಿ ಹಿಡಿದು ಅಲುಗಿಸಿದೆ. "ಬೆನ್ನಿಗೆ ಕೇಳ್ಸೋದು ದವಡೆಗೆ ಕೇಳ್ಸಲ್ವಾ? ಕೂತ್ಕಳಿ ಅತ್ತೆ, ಸುಮ್ನೆ!"

ನನ್ನ ಮಾತು ಅವರಿಗೆ ಕೇಳಿಸಿರಲಿಕ್ಕಿಲ್ಲ. ಆದರೆ ಕಣ್ಣು ಅರಳಿತು. ಕಾಯನ್ನು ನನ್ನ ಕೈಯಿಂದ ಕಿತ್ತುಕೊಂಡು ತಾವೇ ದವಡೆಯ ಮೂಳೆಗೆ ಒತ್ತಿ ಮತ್ತೆ ಅಲುಗಿಸಿದರು.

"ನೀರೈತೆ."

ಶ್ರೀರಂಗಯ್ಯ ದೂರ ಹಿಡಿದು ಒಡೆದ. ನೀರಿತ್ತು. ಇನ್ನೊಂದನ್ನು ಒತ್ತಿ ನೋಡಿ "ಆಗೈತೆ" ಎಂದರು. ಒಡೆದರೆ ಉಂಡೆ ಕೊಬ್ಬರಿ, ಒಂದು ಬಿರುಕಿಲ್ಲ. ಅತ್ತೆ ಸೀರೆ ಸರಿಮಾಡಿಕೊಂಡು ಮಣೆಯ ಮೇಲೆ ಕೂತರು. ಆಗಲೇ ಪಾಸಾಗಿದ್ದ ಕಾಯನ್ನೆಲ್ಲ ವಾಪಸು ತರಿಸಿ ಮತ್ತೆ ಮೊದಲಿನಿಂದ ನೋಡಿದರು.

ಇವರು ಅಷ್ಟಕ್ಕೆ ಬಿಟ್ಟಾರೆಯೇ? ಸಂಜೆ ಕಾಫಿಯ ಹೊತ್ತಿಗೆ ಐದು ಕ್ಯಾಸೆಟ್ಟೂ ಹೊರಬಂದವು. ಅತ್ತೆ ಡಬ್ಬಕ್ಕೆ ದವಡೆ ಆನಿಸಿ ಕೂತರು. 'ಬೋರ್‌ವೆಲ್'ಗೆ "ಪರ್ವಾಗಿಲ್ಲ" ಎಂದರು. ಇವರು ವರ್ಷವಿಡೀ ಹೊಗಳಿ ಒಂದನೆಯ ಸ್ಥಾನ ಕೊಟ್ಟಿದ್ದ 'ಚಳಿಜ್ವರ' ಅರ್ಧವೂ ಆಗಿರಲಿಲ್ಲ, ಕೈ ಅಡ್ಡ ಆಡಿಸಿದರು.

"ನೀರೈತೆ. ಅಟ್ಟಕ್ಕಾಕು."

"ಅವ್ವಾ, ಇದು ಒಂದ್ನೇದು!" ಎಂದು ಇವರು ಒಂದು ಬೆರಳು ತೋರಿಸಿದರು.

"ಗುಳುಗುಳು ಅಂತೈತೆ ಕಣ್ಲಾ. ಆ ಎಮ್ಮೇದು ಹಾಕು, ಒಣಗಿ ಲೊಟಲೊಟ ಅಂತೈತೆ. ಅದೇ ಒಂದ್ನೇದು."

'ಎಮ್ಮೆ' ಮುನಾಫನ ಆಯ್ಕೆ. ಇವರು ಅದನ್ನು ನಾಲ್ಕನೆಯದಕ್ಕೆ ತಳ್ಳಿದ್ದರು. "ಅವ್ವ ಹೇಳಿದ್ಮೇಲೆ ಮುಗೀತು ಕಣ್ಲಾ!" ಎಂದು ಮುನಾಫ್ ಕುಣಿದುಬಿಟ್ಟ. ಇವರು ಏಣಿ ಹಾಕಿ, ನೀರಿದ್ದ ಕಾಯಿಗಳ ಪಕ್ಕದಲ್ಲೇ 'ಚಳಿಜ್ವರ'ವನ್ನು ಇಟ್ಟು ಬಂದರು. ತಮಾಷೆಗೆ ಇಟ್ಟರೆಂದು ನಾನು ತಿಳಿದಿದ್ದೆ.

ಮುಂದಿನ ವರ್ಷ ಅಟ್ಟ ಇಳಿಸುವಾಗ ಕಾಯಿಗಳ ಜೊತೆ ಅದೂ ಇಳಿಯಿತು. ಹೊಗೆ ಹಿಡಿದು ಕಪ್ಪಾಗಿ, ತೆಂಗಿನ ಬೇರಿನ ಹೆಸರೂ ಕಾಣುತ್ತಿರಲಿಲ್ಲ. ಇವರು ಅದನ್ನು ಪಂಚೆಯಲ್ಲಿ ಒರೆಸಿ, ಪರೀಕ್ಷೆ ಬರೆದ ಹುಡುಗನ ಮುಖ ಮಾಡಿಕೊಂಡು ಅತ್ತೆಯ ಕೈಗೆ ಕೊಟ್ಟರು. ಟೇಪ್‌ರೆಕಾರ್ಡರ್ ಆನ್ ಮಾಡಲು ಮುನಾಫ್ ಸಿದ್ಧನಾಗಿ ನಿಂತಿದ್ದ.

ಅತ್ತೆ ಮಣೆಯಿಂದ ಏಳಲಿಲ್ಲ. ಕ್ಯಾಸೆಟ್ಟನ್ನು ದವಡೆಗೆ ಒತ್ತಿ, ಕಣ್ಣು ಮುಚ್ಚಿ, ಕಾಯಿ ಅಲುಗಿಸುವ ಹಾಗೆಯೇ ಅಲುಗಿಸಿದರು.

"ಇನ್ನೂ ನೀರೈತೆ" ಎಂದು ವಾಪಸು ಕೊಟ್ಟು, ಮುಂದಿನ ಕಾಯಿಗೆ ಕೈ ಚಾಚಿದರು.

ಇವರು ಕ್ಯಾಸೆಟ್ಟು ಹಿಡಿದು ಮತ್ತೆ ಏಣಿ ಹತ್ತಿದರು.